ವಿರೋಧದಾಕಿ

ಹೈಸ್ಕೂಲಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಮಾಸ್ತರರಿಂದ ಹಿಡಿದು ಗಂಟೆ ಬಾರಿಸುವ ಸಿಪಾಯಿಯವರೆಗೆ ಎಲ್ಲರಿಗೂ ನಾನು 'ವಿರೋಧದಾಕಿ'. ಬೈಗುಳವೇನೂ ಅಲ್ಲ. ಚರ್ಚಾಸ್ಪರ್ಧೆಗಳಲ್ಲಿ ನಮ್ಮ ಗೋಕಾಕದ ಶಾಲೆಯ ಪರವಾಗಿ ವಿಷಯವನ್ನು ವಿರೋಧಿಸಿ ಮಾತಾಡುವವಳು ನಾನು, ಅಷ್ಟೇ.

ಆಗಿನ ಚರ್ಚಾಸ್ಪರ್ಧೆಯ ಕಟ್ಟಳೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಶಾಲೆಯಿಂದ ಇಬ್ಬರು ಹೋಗಬೇಕು. ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕವನ್ನೂ ಕೂಡಿಸಿ ಶೀಲ್ಡ್ ಕೊಡುತ್ತಾರೆ. ಹಾಗಾಗಿ ಒಬ್ಬರೇ ಚೆನ್ನಾಗಿ ಮಾತಾಡಿದರೆ ಪ್ರಯೋಜನವಿಲ್ಲ. ವಿಷಯವೋ, ಯಾವಾಗಲೂ ಒಪ್ಪಿಕೊಳ್ಳಲೆಂದೇ ಹುಟ್ಟಿದ್ದು: 'ವಿಜ್ಞಾನ ಮನುಕುಲಕ್ಕೆ ವರ', 'ಶಿಸ್ತಿನಿಂದಲೇ ದೇಶದ ಉದ್ಧಾರ'. ಪರ ಮಾತಾಡುವವರು ಬಾಯಿ ತೆರೆದ ಕೂಡಲೇ ನಿರ್ಣಾಯಕರು ತಲೆಯಾಡಿಸಲು ಶುರು ಮಾಡುತ್ತಿದ್ದರು. ವಿರೋಧ ಮಾತಾಡುವವರು ಮಾತ್ರ ಯಾರಿಗೂ ಬೇಡವಾದದ್ದನ್ನು ಹೇಳಿ, ಕೈಮುಗಿದು, ಕೆಳಗಿಳಿಯಬೇಕು. ಅದಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ. ನಾನು ಬಂದೆ. "ಎದುರು ಮಾತಾಡೂದೊಂದ ಬಿಟ್ರ ಇದಕ್ಕ ಬ್ಯಾರೆ ಏನೂ ಬರೂದಿಲ್ಲ" ಎಂದು ಮನೆಯಲ್ಲಿ ಅಜ್ಜಿ ದಿನಾ ಹೇಳುತ್ತಿದ್ದಳು. ಬರುವುದನ್ನೇ ಮಾಡಿದರಾಯಿತು ಎಂದುಕೊಂಡೆ.

ನನ್ನ ಜೋಡಿ ಪರ ಮಾತಾಡುತ್ತಿದ್ದವಳು ಕ್ಲಾಸಿನಲ್ಲಿ ನನ್ನ ಜೊತೆ ಒಂದೇ ಬಾಕಿನ ಮೇಲೆ ಕೂರುವ ಹುಡುಗಿ. ಅವಳ ಅಬ್ಬಾ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದರು. ನಮ್ಮ ಜೈನರ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅವರ ಮನೆಯಲ್ಲಿ ಉರ್ದು. ಆದರೂ ಇಡೀ ಕ್ಲಾಸಿನಲ್ಲಿ ಅವಳ ಕನ್ನಡದಷ್ಟು ಅಚ್ಚುಕಟ್ಟಾದ ಕನ್ನಡ ಇನ್ನೊಬ್ಬರದಿರಲಿಲ್ಲ. ಒಂದು ಸಲ ಕನ್ನಡ ಸರ್ "ಈ ಸಲ ಅದಲಿ ಬದಲಿ ಮಾಡೂಣೇನು? ನೀ ವಿರೋಧ ಮಾತಾಡು" ಎಂದಿದ್ದರು. ಅವಳು ತಲೆ ಎತ್ತದೆ, "ಒಲ್ಲೆರಿ ಸರ. ನನಗ ಪರಾನ ಇರಲಿ" ಎಂದಳು. ಜಾಣೆ, ಸಲೀಸಾದದ್ದನ್ನೇ ಆರಿಸಿಕೊಳ್ಳುತ್ತಾಳೆ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಕನ್ನಡ ಸರ್ ಮೇಲವಂಕಿ ಕಡೆಯವರು. ವಯಸ್ಸು ಚಿಕ್ಕದು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬೇರೆ ಶಾಲೆಯ ಮಾಸ್ತರರು ಭಾಷಣ ಬರೆದು ಕೈಗೆ ಕೊಡುತ್ತಿದ್ದರು, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ನಮ್ಮ ಸರ್ ಮಾತ್ರ ಹಾಳೆ ಮುಟ್ಟಲು ಬಿಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಅವರು ಕಡೆಯ ಬಾಕಿನ ಹಿಂದೆ ನಿಲ್ಲುವರು, ನಾವು ಕರಿಹಲಗೆಯ ಮುಂದೆ. ಅವರು ಒಂದು ಸಾಲು ಹೇಳುವರು, ನಾವು ಅದನ್ನೇ ತಿರುಗಿ ಹೇಳಬೇಕು. ದನಿ ಅವರವರೆಗೆ ಮುಟ್ಟದಿದ್ದರೆ ಅದೇ ಸಾಲು ಮತ್ತೆ. "ಹೊಟ್ಟಿಯಿಂದ ಬರಬೇಕ ಮಾತು. ನಿನಗ ಖರೆ ಅನ್ನಿಸಿದ್ರಷ್ಟ ಕೇಳಾವಂಗ ಖರೆ ಅನ್ನಸತೈತಿ" ಎನ್ನುತ್ತಿದ್ದರು. ನಾನು ಆ ಮಾತನ್ನು ನಂಬಿದೆ. ಅಲ್ಲಿಂದಲೇ ಎಲ್ಲ ಕೆಟ್ಟಿತು.

ಒಂಬತ್ತನೆಯ ಇಯತ್ತೆಯಲ್ಲಿ ಮೂಡಲಗಿಯ ಸ್ಪರ್ಧೆ. ವಿಜ್ಞಾನ ವರ ಎಂಬುದೇ ವಿಷಯ. ನನ್ನ ಗೆಳತಿ ವಿದ್ಯುತ್ತು, ಔಷಧ, ಧುಪದಾಳದ ಒಡ್ಡಿನಿಂದ ಕಾಲುವೆಗೆ ಬರುವ ನೀರು ಎಂದೆಲ್ಲ ಚಂದ ಮಾಡಿ ಮಾತಾಡಿದಳು. ನಾನು ಜಪಾನಿನ ಮೇಲೆ ಬಿದ್ದ ಬಾಂಬಿನ ಬಗ್ಗೆ ಮಾತಾಡಿದೆ. ನೆರಳು ಮಾತ್ರ ಗೋಡೆಯ ಮೇಲೆ ಉಳಿದು ಮನುಷ್ಯ ಇಲ್ಲದಾದದ್ದನ್ನು ಸರ್ ಹೇಳಿಕೊಟ್ಟಂತೆ ತಡೆದು ತಡೆದು ಹೇಳಿದೆ. ಶೀಲ್ಡ್ ನಮಗೇ ಬಂತು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್ ಮಾಸ್ತರರು ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿ, "ಎಂಥಾ ವಿರೋಧ ಮಾತಾಡ್ಯಾಳ್ರಿ ಈ ಹುಡುಗಿ! ಜಡ್ಜ್ ಕಣ್ಣಾಗ ನೀರ ಬಂದಿದ್ವು" ಎಂದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ವಿರೋಧದಾಕಿ ಎಂಬ ಹೆಸರು ಬಿದ್ದದ್ದು ಅವತ್ತು.

ಆ ಭಾಷಣವನ್ನು ನಾನು ಗಟ್ಟಿ ಮಾಡಿದ್ದು ಮನೆಯ ಹಿತ್ತಿಲಲ್ಲಿ, ಅವ್ವ ನೀರು ಸೋಸುವ ಹೊತ್ತಿನಲ್ಲಿ. ನಮ್ಮಲ್ಲಿ ಬಾವಿಯಿಂದ ಸೇದಿದ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಜಾಲಿಸಿದ ನೀರನ್ನು ಚೆಲ್ಲದೆ ಅದೇ ಬಾವಿಗೆ ಬಿಡುತ್ತಾರೆ. ಸಣ್ಣವಳಿದ್ದಾಗ ಯಾಕೆಂದು ಕೇಳಿದ್ದೆ. "ಕಣ್ಣಿಗೆ ಕಾಣದ ಜೀವ ಇರತಾವು ಅದರಾಗ. ಅವಕ್ಕೂ ಒಂದ ಮನಿ ಬೇಕಲ್ಲ" ಎಂದಿದ್ದಳು ಅಜ್ಜಿ. ಒಂದು ಕಡೆ ಅವ್ವ ಕಾಣದ ಹುಳವನ್ನು ಅದರ ಮನೆಗೆ ತಿರುಗಿ ಕಳಿಸುತ್ತಿದ್ದಾಳೆ, ಇನ್ನೊಂದು ಕಡೆ ನಾನು ಒಂದು ಊರನ್ನೇ ಸುಟ್ಟ ಬಾಂಬಿನ ಸಾಲು ಒದರುತ್ತಿದ್ದೇನೆ. ಸರ್ ಕಲಿಸಿದ ಮಾತು ಅಲ್ಲಿ ನನ್ನ ಮಾತಾಯಿತು. ನನ್ನ ರಾಜಕೀಯ ಎಂದು ಏನಾದರೂ ಇದ್ದರೆ ಅದು ಹುಟ್ಟಿದ್ದು ಆ ಹಿತ್ತಿಲಲ್ಲಿ. ಪುಸ್ತಕ ಓದಿ ಬಂದದ್ದಲ್ಲ, ಯಾವ ಪಕ್ಷದವರೂ ಕೊಟ್ಟದ್ದಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ರಾಜಸ್ಥಾನದ ಮರಳಿನಲ್ಲಿ ನಮ್ಮ ದೇಶದ ಬಾಂಬು ಸಿಡಿಯಿತು. ತೊಂಬತ್ತೆಂಟರ ಮೇ ತಿಂಗಳು. ಊರೆಲ್ಲ ಹಬ್ಬ. ಬಜಾರಿನಲ್ಲಿ ಅಡತಿ ಅಂಗಡಿ ಇಟ್ಟುಕೊಂಡಿದ್ದ ನಮ್ಮಪ್ಪ ಸಂಜೆ ಕೈಯಲ್ಲಿ ಪಟಾಕಿಯ ಸರ ಹಿಡಿದುಕೊಂಡು ಬಂದ. ನಮ್ಮ ಮನೆಯಲ್ಲಿ ದೀಪಾವಳಿಗೆ ಪಟಾಕಿ ಹಾರಿಸುವುದಿಲ್ಲ, ಹುಳಹುಪ್ಪಡಿ ಸಾಯುತ್ತವೆ ಎಂದು. ಓಣಿಯ ಮಕ್ಕಳೆಲ್ಲ ಹಾರಿಸುವಾಗ ನಾವು ಕಟ್ಟೆಯ ಮೇಲೆ ಕೂತು ನೋಡಿ ಬೆಳೆದವರು. "ಅಪ್ಪಾ, ಇವತ್ತ ಹುಳಾ ಸಾಯಂಗಿಲ್ಲೇನು?" ಎಂದು ಕೇಳಿದೆ. ಅಪ್ಪ ನಕ್ಕು, "ಇವತ್ತೊಂದಿನ ನಡೀತೈತಿ ಬಿಡವಾ" ಎಂದ. ಓಣಿಯವರೆಲ್ಲ ಸೇರಿ ಕೇಕೆ ಹಾಕಿದರು. ಬದುಕಿನಲ್ಲಿ ಮೊದಲ ಸಲ ನಮ್ಮ ಬಾಗಿಲ ಮುಂದೆ ಪಟಾಕಿ ಸಿಡಿಯಿತು, ನಾನು ಒಳಗೆ ಹೋಗಿ ಕೂತೆ.

ಜೂನಿನಲ್ಲಿ ಶಾಲೆ ಶುರುವಾಯಿತು. ನಾನು ಹತ್ತನೆಯ ಇಯತ್ತೆ. ಅಷ್ಟರಲ್ಲಿ ಆಚೆಯ ದೇಶದವರೂ ತಮ್ಮ ಬಾಂಬು ಸಿಡಿಸಿ ಮುಗಿಸಿದ್ದರು. ಅವರೂ ಅಲ್ಲಿ ಏನಾದರೂ ಸಿಹಿ ಹಂಚಿರಬೇಕು. ನಮ್ಮ ಶಾಲೆಯ ಆಡಳಿತ ಮಂಡಳಿಯವರು ಪೇಡೆ ಕಳಿಸಿದ್ದರು. ಪ್ರಾರ್ಥನೆ ಮುಗಿದ ಮೇಲೆ ಒಂದೊಂದು ಕ್ಲಾಸಿಗೆ ಒಂದೊಂದು ಡಬ್ಬಿ. ನಮ್ಮ ಕ್ಲಾಸ್ ಟೀಚರ್ ಕನ್ನಡ ಸರ್. ಒಬ್ಬೊಬ್ಬರೇ ಎದ್ದು ಬಂದು, ಬಲಗೈಯಲ್ಲಿ ಪೇಡೆ ತೆಗೆದುಕೊಂಡು, ಭಾರತ ಮಾತೆಗೆ ಜೈ ಎಂದು ಹೇಳಿ ಹೋಗಿ ಕೂರಬೇಕು.

ನನ್ನ ಗೆಳತಿ ನನಗಿಂತ ಮುಂದೆ ನಿಂತಿದ್ದಳು. ಪೇಡೆ ತೆಗೆದುಕೊಂಡವಳೇ ಇಡಿಯಾಗಿ ಬಾಯಿಗೆ ಹಾಕಿಕೊಂಡು, ಅಷ್ಟರವರೆಗೆ ಯಾರೂ ಕೂಗದಷ್ಟು ಗಟ್ಟಿಯಾಗಿ ಜೈ ಎಂದಳು. ಸರ್ ಮುಗುಳ್ನಕ್ಕರು. ಎಂಥ ನಾಟಕ ಮಾಡುತ್ತಾಳಪ್ಪ ಎಂದು ನನಗೆ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ನನ್ನ ಪಾಳಿ ಬಂತು.

"ಬ್ಯಾಡ್ರಿ ಸರ."

ಸರ್ ಡಬ್ಬಿ ಹಿಡಿದ ಕೈಯನ್ನು ಹಿಂದೆ ತೆಗೆಯಲಿಲ್ಲ. "ಯಾಕ, ನೇಮ ಐತೇನು?" ಎಂದು ಸಹಜವಾಗಿ ಕೇಳಿದರು.

ನಮ್ಮ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಜೈನರು ಏನಾದರೂ ಒಂದನ್ನು ಇಷ್ಟು ದಿನ ತಿನ್ನುವುದಿಲ್ಲವೆಂದು ಬಸದಿಯಲ್ಲಿ ನೇಮ ಹಿಡಿಯುತ್ತಾರೆ. ಒಬ್ಬಳಿಗೆ ಬೆಲ್ಲದ ನೇಮ, ಒಬ್ಬಳಿಗೆ ಹಸಿರುಪಲ್ಯದ ನೇಮ, ಹೊತ್ತು ಮುಳುಗಿದ ಮೇಲೆ ಊಟವಂತೂ ಇಲ್ಲವೇ ಇಲ್ಲ. ನೇಮ ಎಂದರೆ ಮುಗಿಯಿತು, ಯಾರೂ ಒತ್ತಾಯ ಮಾಡುವುದಿಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಿಹಿ ಬೇಡವೆನ್ನುವುದು ನಮ್ಮ ಕಡೆ ದೊಡ್ಡ ಅವಮಾನ, ನೇಮವೊಂದೇ ಅದಕ್ಕೆ ಮಾಫಿ. ನಾನು ತಲೆಯಾಡಿಸಿದ್ದರೆ ಸಾಕಿತ್ತು.

"ಇಲ್ರಿ ಸರ, ನೇಮ ಇಲ್ಲ. ಬಾಂಬ್ ಬೀಳೂ ಊರಾಗೂ ನಮ್ಮಂಥಾದ್ದೊಂದ ಸಾಲಿ ಇರತೈತ್ರಿ. ನಾವು ಹಾಕಿದ್ರೂ ಅಷ್ಟ, ಅವರು ಹಾಕಿದ್ರೂ ಅಷ್ಟ. ಅದಕ್ಕ ಪೇಡೆ ತಿನ್ನಾಕ ನನಗ ಮನಸ್ಸ ಆಗವಲ್ದು."

ದನಿ ಹೊಟ್ಟೆಯಿಂದಲೇ ಬಂದಿತ್ತು. ಕಡೆಯ ಬಾಕಿನವರೆಗೂ ಮುಟ್ಟಿತು. ಅಲ್ಲಿಂದಲೇ ಒಬ್ಬ ಹುಡುಗ, "ಹಂಗಾದ್ರ ಪಾಕಿಸ್ತಾನಕ್ಕ ಹೋಗಲೇ" ಎಂದ. ಎಲ್ಲರೂ ನಕ್ಕರು. ಸರ್ ನಗಲಿಲ್ಲ, ಬಯ್ಯಲೂ ಇಲ್ಲ. ಪೇಡೆಯನ್ನು ಡಬ್ಬಿಗೆ ತಿರುಗಿ ಇಟ್ಟು, "ಹೋಗಿ ಕುಂದರು" ಎಂದಷ್ಟೇ ಹೇಳಿದರು.

ಮಧ್ಯಾಹ್ನದ ಸೂಟಿಯ ಹೊತ್ತಿಗೆ ನನ್ನ ಮಾತು ಹೆಡ್ ಮಾಸ್ತರರ ಕೋಣೆಗೆ ತಲುಪಿ, ತಲುಪುವಷ್ಟರಲ್ಲಿ ಸಾಕಷ್ಟು ಬೆಳೆದಿತ್ತು. ನಾನು ಪೇಡೆಯನ್ನು ನೆಲಕ್ಕೆ ಬಿಸಾಡಿದೆನಂತೆ. ಆಚೆಯ ದೇಶಕ್ಕೆ ಜೈ ಎಂದೆನಂತೆ. ಅವರು ಕರೆಸಿದಾಗ, ಹಾಗೆ ಮಾಡಿಲ್ಲವೆಂದು ಹೇಳಿ, ಮಾಡಿದ್ದನ್ನು ಇನ್ನೊಮ್ಮೆ ಹೇಳಿದೆ. ಹೆಡ್ ಮಾಸ್ತರರಿಗೆ ನಿಜವೇ ಹೆಚ್ಚು ಸಿಟ್ಟು ತರಿಸಿತು.

"ಇಷ್ಟ ಸಣ್ಣ ಹುಡುಗಿ ತಲಿಯಾಗ ಇದು ತಾನಾ ಹುಟ್ಟಂಗಿಲ್ಲ. ಯಾರು ತುಂಬ್ಯಾರ ಹೇಳು" ಎಂದರು. ಹೇಳುತ್ತಲೇ ಬಾಗಿಲ ಹತ್ತಿರ ನಿಂತಿದ್ದ ಕನ್ನಡ ಸರ್ ಕಡೆ ನೋಡಿದರು. "ಮೂಡಲಗ್ಯಾಗ ಈಕಿಗೆ ಬಾಂಬಿನ ಭಾಷಣ ಕಲಸಿದವ್ರು ನೀವ ಅಲ್ರಿ?"

ನಾನೂ ಸರ್ ಕಡೆ ನೋಡಿದೆ. ಭಯವಿರಲಿಲ್ಲ, ಧೈರ್ಯವೇ ಬಂತು. ಈಗ ಇವರು ಮಾತಾಡುತ್ತಾರೆ, ಇಂಥ ಮಾತನ್ನು ಹೇಗೆ ಹೇಳಬೇಕೆಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡೆ.

"ಹೌದ್ರಿ ಸರ. ಅದು ಬರೇ ಸ್ಪರ್ಧಾಕ್ಕ ಕಲಸಿದ್ದ್ರಿ" ಎಂದರು ಸರ್. "ಸ್ಪರ್ಧಾ ಅಂದ್ರ ಸ್ಪರ್ಧಾ ಅಷ್ಟ. ಈಕಿ ಇದನ್ನ ಎಲ್ಲಿಂದ ತಂದಾಳೋ ನನಗ ಗೊತ್ತಿಲ್ರಿ."

ನೌಕರಿ ಕಾಯಂ ಆಗದವನ ಕಷ್ಟ ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದು ಎಲ್ಲಿದೆ? ನನಗೆ ಇನ್ನೂ ಇಳಿದಿಲ್ಲ.

ನಾಳೆ ಅಪ್ಪನನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಟಿ.ಸಿ. ಕೊಟ್ಟು ಕಳಿಸುತ್ತೇನೆ ಎಂದರು ಹೆಡ್ ಮಾಸ್ತರರು. ಹತ್ತನೆಯ ಇಯತ್ತೆಯಲ್ಲಿ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿಯನ್ನು ಇನ್ನೊಂದು ಶಾಲೆ ಸೇರಿಸಿಕೊಳ್ಳುವುದಿಲ್ಲ. ನಮ್ಮ ಬಳಗದಲ್ಲಿ ಶಾಲೆ ತಪ್ಪಿದ ಹುಡುಗಿಗೆ ಎರಡನೆಯ ದಾರಿಯೂ ಇರಲಿಲ್ಲ. ನನ್ನ ದೊಡ್ಡಪ್ಪನ ಮಗಳು ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡಿದ್ದಕ್ಕೆ ಆ ವರ್ಷವೇ ಅವಳ ಮದುವೆ ಮಾಡಿ ಮುಗಿಸಿದ್ದರು. ನನಗೆ ಶಾಲೆ ಬೇಕಿತ್ತು, ಕಾಲೇಜು ಬೇಕಿತ್ತು. ಆದರೆ ಆಡಿದ ಮಾತು ನನ್ನದಾಗಿ ಉಳಿಯುವುದೂ ಅಷ್ಟೇ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ಅನುಮಾನ ಬಂದಿದ್ದು ಆ ಕೋಣೆಯಿಂದ ಹೊರಗೆ ಬಂದಾಗ.

ಕ್ಲಾಸಿಗೆ ಮರಳಿದರೆ ನಾನು ಕೂರುವ ಜಾಗದಲ್ಲಿ ಸುಣ್ಣದ ಖಡುವಿನಿಂದ ಏನೋ ಬರೆದಿದ್ದರು. ನಾನು ಓದುವ ಮೊದಲೇ ನನ್ನ ಗೆಳತಿ ತನ್ನ ಓಢಣಿಯ ತುದಿಯಿಂದ ಒರೆಸಿ ಹಾಕಿದಳು. ನನ್ನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಸಂಜೆಯವರೆಗೂ ಮುಂದೆ ನೋಡುತ್ತ ಕೂತಿದ್ದಳು.

ಮನೆಯಲ್ಲಿ ಅಪ್ಪ ಹೊಡೆಯಲಿಲ್ಲ. ಎಲ್ಲವನ್ನೂ ಕೇಳಿಕೊಂಡ. ಅವ್ವನೇ ಬಾಯಿ ಬಿಟ್ಟಳು. "ಅದು ತಪ್ಪೇನ ಅಂದೈತ್ರಿ?"

"ತಪ್ಪ ಅಂತ ಯಾರ ಅಂದ್ರು?" ಎಂದ ಅಪ್ಪ. "ಬಜಾರದಾಗ ಕುಂದರಾಂವ ನಾ. ದಿನಾ ನೂರ ಮಂದಿ ಮಾರಿ ನೋಡಬೇಕು."

ಮರುದಿನ ಮುಂಜಾನೆ ಅಪ್ಪ ನನ್ನನ್ನು ಬೇಗ ಎಬ್ಬಿಸಿ, ಸ್ನಾನ ಮಾಡಲು ಹೇಳಿ, ಬಸದಿಗೆ ಕರೆದುಕೊಂಡು ಹೋದ. ಅಲ್ಲಿನ ಪಂಡಿತರಿಗೆ, "ಹುಡುಗೀಗೆ ನೇಮ ಕೊಡ್ರಿ. ದೀಪಾವಳಿ ತನಕ ಪೇಡೆ ತಿನ್ನಂಗಿಲ್ಲ" ಎಂದ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಬೊಗಸೆಗೆ ಅಕ್ಕಿ ಹಾಕಿದರು, ಮಂತ್ರ ಹೇಳಿದರು, ನಾನು ದೇವರ ಮುಂದೆ ಅಕ್ಕಿ ಇಟ್ಟು ಕೈಮುಗಿದೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಇದು ಯಾಕೆ ಎಂದು ಕೇಳಿದೆ.

"ನಾ ಸುಳ್ಳ ಹೇಳಾಂವಲ್ಲ" ಎಂದ ಅಪ್ಪ.

ಆಗ ನನಗೆ ತಿಳಿಯಿತು. ಶಾಲೆಯಲ್ಲಿ ಹೇಳಬೇಕಾದ ಮಾತನ್ನು ಅಪ್ಪ ರಾತ್ರಿಯೇ ಗೊತ್ತು ಮಾಡಿಕೊಂಡಿದ್ದ. ಆದರೆ ಸುಳ್ಳು ಹೇಳಿದ ಪಾಪ ತನಗೆ ಬೇಡ. ಅದಕ್ಕೆ ಮೊದಲು ಸುಳ್ಳನ್ನು ಬಸದಿಗೆ ಕರೆತಂದು ನಿಜ ಮಾಡಿಸಿಕೊಂಡ. ಇಂಥ ಉಪಾಯ ನಮ್ಮವರಿಗಲ್ಲದೆ ಇನ್ನಾರಿಗೆ ಹೊಳೆಯಬೇಕು! ಈಗ ನೆನೆದರೆ ನಗು ಬರುತ್ತದೆ. ಅವತ್ತು ಅಪ್ಪನ ಹಿಂದೆ ನಡೆಯುತ್ತ ನನಗೆ ಅಳು ಬಂದಿತ್ತು.

"ಬರ್ರಿ ಸಾವ್ಕಾರ್ರ, ಕುಂದರ್ರಿ" ಎಂದು ಹೆಡ್ ಮಾಸ್ತರರು ಕುರ್ಚಿ ಎಳೆದುಕೊಟ್ಟರು. ಅಪ್ಪನಿಗೆ ಇದ್ದ ಮರ್ಯಾದೆ ಅಂಥದು. ಕನ್ನಡ ಸರ್ ಅವತ್ತೂ ಬಾಗಿಲ ಹತ್ತಿರವೇ ನಿಂತಿದ್ದರು.

"ನಮ್ಮ ಹುಡುಗೀಗೆ ಪೇಡೆ ನೇಮ ಐತ್ರಿ ಸರ" ಎಂದ ಅಪ್ಪ. "ಸಣ್ಣದು, ಸರಿಯಾಗಿ ಹೇಳಾಕ ಬರಲಿಲ್ಲ. ಏನೇನೋ ಬಡಬಡಿಸೈತಿ."

ಹೆಡ್ ಮಾಸ್ತರರ ಮುಖ ಸಡಿಲಾಯಿತು. "ಅಯ್ಯ, ಅದನ್ನ ಮೊದಲ ಹೇಳಬೇಕಿಲ್ರಿ? ನೇಮ ಅಂದ್ರ ನೇಮ. ಇಷ್ಟ ದೊಡ್ಡ ವಿಷಯ ಆಕ್ಕಿದ್ದಿಲ್ಲ ನೋಡ್ರಿ."

ಮುಗಿಯುತ್ತಿತ್ತು ಅಲ್ಲಿಗೆ. ನನಗೆ ತಡೆಯಲಾಗಲಿಲ್ಲ. "ನೇಮ ಇವತ್ತ ಮುಂಜಾನೆ ತಗೊಂಡದ್ದ್ರಿ ಸರ. ನಿನ್ನೆ ಇರಲಿಲ್ರಿ. ನಿನ್ನೆ ನಾ ಅಂದದ್ದ ಬ್ಯಾರೆ" ಎಂದೆ. ಅಪ್ಪ ನೆಲ ನೋಡಿದ. ಇನ್ನು ಟಿ.ಸಿ. ಗ್ಯಾರಂಟಿ ಎಂದುಕೊಂಡೆ. ಬರಲಿ ಎಂದೂ ಅಂದುಕೊಂಡೆ.

ಹೆಡ್ ಮಾಸ್ತರರು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ನೋಡ್ರಿ, ನೋಡ್ರಿ! ಎಷ್ಟ ಖರೆ ಮಾತಾಡತೈತಿ ಹುಡುಗಿ. ತನ್ನ ಮ್ಯಾಲ ಬಂದ್ರೂ ಸುಳ್ಳ ಹೇಳಂಗಿಲ್ಲ. ಸಾವ್ಕಾರ್ರ, ನಿಮ್ಮ ಮಂದಿ ಸಂಸ್ಕಾರಾನ ಇಂಥಾದ್ದು." ಸಿಪಾಯಿಯನ್ನು ಕೂಗಿ ಚಹಾ ತರಿಸಿದರು. ನಿನ್ನೆ ಅಂದದ್ದು ಏನು ಎಂದು ಯಾರೂ ಕೇಳಲಿಲ್ಲ. ಹೇಳಲು ಬಾಯಿ ತೆರೆದೆ. "ಆತವಾ, ಸಾಕು, ಕ್ಲಾಸಿಗೆ ಹೋಗು" ಎಂದರು ಪ್ರೀತಿಯಿಂದ.

ಮರುದಿನದ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರರು ನನ್ನನ್ನು ಮತ್ತೆ ಮುಂದೆ ನಿಲ್ಲಿಸಿದರು. ನಮ್ಮ ಶಾಲೆಯಲ್ಲಿ ಎಲ್ಲ ಧರ್ಮದವರ ಆಚಾರ ವಿಚಾರಕ್ಕೂ ಗೌರವವಿದೆ, ತಿಳಿಯದೆ ಯಾರೂ ಯಾರ ಮನಸ್ಸನ್ನೂ ನೋಯಿಸಬಾರದು ಎಂದು ಉಪದೇಶ ಮಾಡಿದರು. ಪಾಕಿಸ್ತಾನಕ್ಕೆ ಹೋಗು ಎಂದಿದ್ದ ಹುಡುಗ ಸೂಟಿಯಲ್ಲಿ ಬಂದು, "ನೇಮ ಐತಿ ಅಂತ ನನಗ ಗೊತ್ತಿರಲಿಲ್ಲವಾ. ಸಾರಿ" ಎಂದ. ಅವನ ಬೈಗುಳವನ್ನು ಸಹಿಸಿಕೊಂಡಿದ್ದೆ. ಬೈಯುವಾಗ ಅವನಾದರೂ ನನ್ನ ಮಾತನ್ನು ಕೇಳಿಸಿಕೊಂಡಿದ್ದ. ಈ ಸಾರಿಯನ್ನು ಸಹಿಸಲಾಗಲಿಲ್ಲ. ಶಾಲೆ ನನಗೆ ಉಳಿಯಿತು, ಮಾತು ಹೋಯಿತು. ಕೊಟ್ಟವಳು ನಾನಲ್ಲ, ಕಸಿದುಕೊಂಡವರು ಅವರು. ಅದೂ ಬೈದು ಕಸಿದುಕೊಳ್ಳಲಿಲ್ಲ, ಬೆನ್ನು ಚಪ್ಪರಿಸಿ ಕಸಿದುಕೊಂಡರು.

ಮಳೆಗಾಲ ಕಳೆಯುವ ಹೊತ್ತಿಗೆ ಹುಕ್ಕೇರಿಯ ಸ್ಪರ್ಧೆಯ ಕರೆ ಬಂತು. ವಿಷಯ: 'ದೇಶದ ರಕ್ಷಣೆಗೆ ಅಣ್ವಸ್ತ್ರ ಅನಿವಾರ್ಯ'. ಆ ವರ್ಷ ಎಲ್ಲ ಕಡೆ ಅದೇ ವಿಷಯ. ಗೆಳತಿ ಪರ, ನಾನು ವಿರೋಧ. ಯಾರೂ ಕೇಳಲೂ ಇಲ್ಲ, ಅದು ಮೊದಲೇ ಆದ ಮಾತು. ಪೇಡೆ ಬೇಡವೆಂದ ಹುಡುಗಿಯನ್ನು ಅದೇ ಬಾಂಬಿನ ವಿರುದ್ಧ ಮಾತಾಡಲು ಕಳಿಸುತ್ತಿದ್ದೇವೆ ಎಂಬುದು ಹೆಡ್ ಮಾಸ್ತರರಿಗೆ ಹೊಳೆಯಲೇ ಇಲ್ಲ. ಅವರ ಲೆಕ್ಕದಲ್ಲಿ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ನಾವು ಕರಿಹಲಗೆಯ ಮುಂದೆ ನಿಂತೆವು, ಸರ್ ಕಡೆಯ ಬಾಕಿನ ಹಿಂದೆ. ಮೊದಲು ಅವಳ ಸಾಲುಗಳು ಮುಗಿದವು. ಆಮೇಲೆ ನನ್ನ ಸರದಿ. ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ ಎಂಬುದಾಯಿತು. ನಾಲ್ಕು ಸಾಲು ಮುಂದೆ ಹೋದ ಮೇಲೆ ಸರ್ ಹೇಳಿದರು: "ಬಾಂಬು ಬೀಳುವ ಊರಿನಲ್ಲಿಯೂ ನಮ್ಮಂಥದೊಂದು ಶಾಲೆ ಇರುತ್ತದೆ. ನಾವು ಹಾಕಿದರೂ ಅಷ್ಟೇ, ಅವರು ಹಾಕಿದರೂ ಅಷ್ಟೇ."

ನಾನು ರೂಢಿಯಂತೆ, "ಬಾಂಬು ಬೀಳುವ ಊರಿನಲ್ಲಿಯೂ" ಎಂದು ಶುರು ಮಾಡಿ ನಿಂತುಬಿಟ್ಟೆ.

"ಸರ, ಇದು ನಾ ಅಂದದ್ದಲ್ರಿ?"

ಸರ್ ಕಿಡಕಿಯ ಕಡೆ ತಿರುಗಿದರು. "ಹೌದು. ಛಲೋ ಇತ್ತು ಮಾತು. ಸ್ಪರ್ಧಾದಾಗ ಮುಟ್ಟತೈತಿ."

"ಅವತ್ತ ಎಲ್ಲಿಂದ ತಂದಾಳೋ ಗೊತ್ತಿಲ್ಲ ಅಂದ್ರಿ."

ಸರ್ ಕಿಡಕಿಯ ಕಡೆಯೇ ನೋಡುತ್ತ, "ಮುಂದಿನ ಸಾಲ ಹೇಳು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕ್ಲಾಸಿನಲ್ಲಿ ಅಂದರೆ ಅಪರಾಧ, ಮನೆಯವರು ಬಂದರೆ ನೇಮ, ಸ್ಪರ್ಧೆಯಲ್ಲಿ ಅಂದರೆ ಶೀಲ್ಡ್. ನನ್ನ ಮಾತು ಯಾರಿಗೆ ಹೇಗೆ ಬೇಕೋ ಹಾಗೆ ಬಳಸಲು ಓಣಿಯ ನೀರಿನ ನಳವೇ? ನಾನು ವಿರೋಧ ಮಾತಾಡುವುದಿಲ್ಲ, ಬೇಕಾದರೆ ಪರ ಮಾತಾಡುತ್ತೇನೆ, ಇವಳು ವಿರೋಧ ಮಾತಾಡಲಿ ಎಂದೆ.

"ಒಲ್ಲೆ" ಎಂದಳು ನನ್ನ ಗೆಳತಿ, ನಾನು ಮಾತು ಮುಗಿಸುವ ಮೊದಲೇ.

"ಒಂದ ಸಲಾನೂ ಆಗಂಗಿಲ್ಲೇನು ನಿನಗ?" ಎಂದು ಸಿಡುಕಿದೆ.

"ಒಲ್ಲೆ ಅಂದ್ನಲ್ಲ."

ನಾನು ಹೋಗದಿದ್ದರೆ ಅವಳೂ ಹೋಗುವಂತಿಲ್ಲ ಎಂದರು ಸರ್. ಶಾಲೆಯಿಂದ ಇಬ್ಬರೂ ಬೇಕು, ಅದು ನಿಯಮ. ಅವಳು ಏನೂ ಬೇಡಿಕೊಳ್ಳಲಿಲ್ಲ. ಹತ್ತನೆಯದು ಮುಗಿದ ಮೇಲೆ ಅವಳಿಗೆ ಕಾಲೇಜಿಲ್ಲವೆಂದು, ಇದೇ ಅವಳ ಕಡೆಯ ಸ್ಪರ್ಧೆಯೆಂದು ನನಗೆ ಗೊತ್ತಿತ್ತು. ಅವಳ ಮೇಲಿನ ಸಿಟ್ಟನ್ನು ಇಟ್ಟುಕೊಂಡೇ ಹುಕ್ಕೇರಿಗೆ ಹೋದೆ.

ಅಲ್ಲಿನ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಹೆಡ್ ಮಾಸ್ತರರು ಕೂತಿದ್ದರು. ಗೆಳತಿ ದೇಶದ ರಕ್ಷಣೆಯ ಬಗ್ಗೆ ನಿರರ್ಗಳವಾಗಿ ಮಾತಾಡಿ ಇಳಿದಳು. ನಾನು ವೇದಿಕೆ ಹತ್ತಿ, ಬಾಂಬು ಬೀಳುವ ಊರಿನ ಶಾಲೆಯ ಸಾಲಿಗೆ ಬಂದೆ. ಅಲ್ಲಿಯವರೆಗೆ ಸರ್ ಕಲಿಸಿದಂತೆಯೇ ಹೇಳಿದವಳು, ಅವರು ಕಲಿಸದ ಒಂದು ಮಾತನ್ನು ಸೇರಿಸಿದೆ. "ಇದನ್ನು ನನಗೆ ಯಾರೂ ಕಲಿಸಿಲ್ಲ. ಸ್ಪರ್ಧೆಗಾಗಿ ಹೇಳುತ್ತಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ" ಎಂದೆ. ಹೆಡ್ ಮಾಸ್ತರರ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದೆ.

ಮೊದಲು ಚಪ್ಪಾಳೆ ತಟ್ಟಿದವರೇ ಅವರು. ಆಮೇಲೆ ಇಡೀ ಭವನ ತಟ್ಟಿತು. ಬಹುಮಾನ ಕೊಡುವಾಗ ನಿರ್ಣಾಯಕರೊಬ್ಬರು ಮೈಕಿನ ಮುಂದೆ ಬಂದು, "ಗೋಕಾಕದ ವಿದ್ಯಾರ್ಥಿನಿ ನಿಜವಾಗಿಯೂ ನಂಬಿದವಳ ಹಾಗೆ ಮಾತಾಡಿದಳು. ಅಭಿನಯ ಅಂದರೆ ಹೀಗಿರಬೇಕು" ಎಂದರು. ಶೀಲ್ಡ್ ನಮಗೇ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಡ್ ಮಾಸ್ತರರು ಮತ್ತು ಸರ್ ಮುಂದೆ ಕೂತಿದ್ದರು, ನಾವಿಬ್ಬರೂ ಹಿಂದಿನ ಸೀಟಿನಲ್ಲಿ. ಕಬ್ಬಿನ ಗದ್ದೆಗಳ ನಡುವೆ ಬಸ್ಸು ಘಟಪ್ರಭಾದ ಕಡೆ ಹೊರಟಿತ್ತು. ಅಭಿನಯ ಎಂಬ ಮಾತು ನನ್ನ ಕಿವಿಯಿಂದ ಹೋಗಿರಲಿಲ್ಲ. ಯಾರ ಮೇಲಾದರೂ ಅದನ್ನು ತೀರಿಸಿಕೊಳ್ಳಬೇಕಿತ್ತು, ಬಾಜೂಕ್ಕೆ ಇದ್ದವಳು ಅವಳು.

"ನೀ ಭಾರಿ ಅಂಜುಬುರುಕಿ ಬಿಡು" ಎಂದೆ. "ಪೇಡೆ ಕೊಟ್ರ ತಿಂತಿ, ಜೈ ಅನ್ನು ಅಂದ್ರ ಎಲ್ಲಾರಕಿಂತ ಗಟ್ಟಿಯಾಗಿ ಅಂತಿ. ಯಾವಾಗ ನೋಡಿದ್ರೂ ಪರ."

ಮುಂದಿನ ಸೀಟಿನವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅವಳು ಹೇಳಿದಳು.

"ನೀ ಬ್ಯಾಡ ಅಂದಿ. ನಿನಗ ನೇಮ ಅಂತ ಹೇಳಿ ಬಿಟ್ರು. ನಾ ಬ್ಯಾಡ ಅಂದಿದ್ರ ನನಗ ಏನಂತ ಹೇಳಿ ಬಿಡ್ತಿದ್ರು? ನಮ್ಮ ಅಬ್ಬಾ ಬಂದು ಏನ ಹೇಳಬೇಕಿತ್ತು?"

ಅವಳೇ ಮುಂದುವರಿಸಿದಳು.

"ನೀ ಇವತ್ತ ಸ್ಟೇಜ್ ಮ್ಯಾಲ ನಿಂತು, ಇದು ನಂದ ಮಾತು, ಖರೇನ ಅಂತ ಅಂದಿ. ಯಾರೂ ನಂಬಲಿಲ್ಲ. ಅದಕ್ಕ ಸಿಟ್ಟ ನಿನಗ. ನಾ ಅದನ್ನ ಬರೇ ಸ್ಪರ್ಧಾಕ್ಕ ಅಂತ ಅಂದಿದ್ರೂ ಎಲ್ಲಾರೂ ಖರೇನ ಅಂತ ನಂಬತಿದ್ರು."

ಬಸ್ಸು ಘಟಪ್ರಭಾದಲ್ಲಿ ನಿಂತು ಮಂದಿ ಹತ್ತಿದರು. ಗದ್ದಲ ಇಳಿದ ಮೇಲೆ ನಾನು ಕೇಳಿದೆ. "ಹಂಗಾದ್ರ ನಿನಗೇನ ಅನಸತೈತಿ? ಆ ಬಾಂಬಿಗೆ ನಿನಗ ಖುಷಿ ಆಗಿತ್ತೋ ಇಲ್ಲೋ?"

"ಅದನ್ನ ನೀ ಕೇಳಬ್ಯಾಡ" ಎಂದಳು. "ನಾ ಯಾರಿಗೂ ಹೇಳಂಗಿಲ್ಲ."

ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ನಾನು ಕಾಲೇಜಿಗೆ ಹೋದೆ, ಅವಳನ್ನು ಮಹಾರಾಷ್ಟ್ರದ ಕಡೆ ಎಲ್ಲೋ ಮದುವೆ ಮಾಡಿ ಕೊಟ್ಟರು. ನನ್ನ ಒಂದು ಮಾತನ್ನು ಯಾರು ಯಾರು ಹೇಗೆ ಕಸಿದುಕೊಂಡರೆಂದು ನಾನು ಇಷ್ಟು ವರ್ಷ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಇಲ್ಲಿಯೂ ಅದನ್ನೇ ಮಾಡಿದ್ದೇನೆ. ಅವಳು ಮೂರು ವರ್ಷ ನನ್ನ ಮಗ್ಗುಲಲ್ಲೇ ಕೂತಿದ್ದಳು. ಆ ಬಾಂಬಿನ ಬಗ್ಗೆ ಅವಳಿಗೆ ಏನನ್ನಿಸಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.